ಏನೂ ನಡೆಯದ ಸಿನಿಮಾದಲ್ಲಿ ಏನು ನಡೆಯುತ್ತದೆ: ಯಸುಜಿರೊ ಓಜು ಚಿತ್ರಗಳನ್ನು ನೋಡುವ ಬಗೆ

ಬ್ರಿಟನ್ನಿನ ‘ಸೈಟ್ ಅಂಡ್ ಸೌಂಡ್’ ಪತ್ರಿಕೆ ಹತ್ತು ವರ್ಷಕ್ಕೊಮ್ಮೆ ಜಗತ್ತಿನ ಶ್ರೇಷ್ಠ ಚಲನಚಿತ್ರಗಳು ಯಾವುವೆಂದು ವಿಮರ್ಶಕರನ್ನೂ ನಿರ್ದೇಶಕರನ್ನೂ ಬೇರೆಬೇರೆಯಾಗಿ ಕೇಳಿ ಎರಡು ಪಟ್ಟಿಗಳನ್ನು ಪ್ರಕಟಿಸುತ್ತದೆ. 2012ರಲ್ಲಿ 358 ನಿರ್ದೇಶಕರು ಮತ ಹಾಕಿದಾಗ ಮೊದಲ ಸ್ಥಾನ ಪಡೆದದ್ದು 1953ರಲ್ಲಿ ತೆರೆಕಂಡ ಜಪಾನಿನ ‘ಟೋಕಿಯೊ ಸ್ಟೋರಿ’. 2022ರಲ್ಲಿ ಎರಡೂ ಪಟ್ಟಿಗಳಲ್ಲಿ ಅದು ನಾಲ್ಕನೆಯ ಸ್ಥಾನದಲ್ಲಿತ್ತು. ಇಂಥ ಪಟ್ಟಿ ಕೈಗೆ ಬಂದೊಡನೆ ಚಿತ್ರವನ್ನು ಹುಡುಕಿ ಫೋನಿನಲ್ಲೇ ನೋಡಲು ಕೂರುವ ಪ್ರೇಕ್ಷಕ ಅರ್ಧ ಗಂಟೆಯ ಹೊತ್ತಿಗೆ ಕೇಳುವ ಪ್ರಶ್ನೆ ಬಹುಮಟ್ಟಿಗೆ ಒಂದೇ: ಕಥೆ ಯಾವಾಗ ಶುರುವಾಗುತ್ತದೆ? ವಯಸ್ಸಾದ ದಂಪತಿ ಪೆಟ್ಟಿಗೆಗೆ ಬಟ್ಟೆ ತುಂಬುತ್ತಾರೆ, ಮಕ್ಕಳ ಮನೆಗೆ ಬರುತ್ತಾರೆ, ಚಹಾ ಕುಡಿಯುತ್ತಾರೆ, ಇಂದು ಸೆಕೆ ಹೆಚ್ಚು ಎನ್ನುತ್ತಾರೆ. ಜಗಳವಿಲ್ಲ, ರಹಸ್ಯವಿಲ್ಲ, ಕ್ಯಾಮೆರಾ ಕೂಡ ಕೂತಲ್ಲಿಂದ ಏಳುವುದಿಲ್ಲ.

ಈ ಪ್ರಶ್ನೆ ಕೇಳುವವರು ದಡ್ಡರಲ್ಲ. ನಾವೆಲ್ಲ ಬೇರೆ ಬಗೆಯ ಸಿನಿಮಾ ನೋಡಿ ಬೆಳೆದವರು. ಅಲ್ಲಿ ಮುಖ್ಯವಾದದ್ದನ್ನು ಎತ್ತಿ ತೋರಿಸುವುದು ಪದ್ಧತಿ. ‘ಟೋಕಿಯೊ ಸ್ಟೋರಿ’ಯ ನಿರ್ದೇಶಕ ಯಸುಜಿರೊ ಓಜು ಈ ಪದ್ಧತಿಯನ್ನು ಬಹುಪಾಲು ಕೈಬಿಟ್ಟವರು. ಅವರು ಏನನ್ನು ಬಿಟ್ಟರು, ಅದರ ಬದಲಿಗೆ ಏನನ್ನು ಇಟ್ಟರು ಎಂಬುದು ಸ್ವಲ್ಪ ತಿಳಿದಿದ್ದರೆ ಅದೇ ಚಿತ್ರ ಬೇರೆಯಾಗಿ ಕಾಣತೊಡಗುತ್ತದೆ.

ಯಾರು ಈ ಓಜು

ಓಜು ಹುಟ್ಟಿದ್ದು 1903ರ ಡಿಸೆಂಬರ್ 12ರಂದು, ಟೋಕಿಯೊದ ಫುಕಾಗಾವಾ ಎಂಬ ವ್ಯಾಪಾರಿಗಳ ಬಡಾವಣೆಯಲ್ಲಿ. ತಂದೆಗೆ ಗೊಬ್ಬರದ ವ್ಯಾಪಾರವಿತ್ತು. ಹುಡುಗನಿಗೆ ಹತ್ತು ವರ್ಷವಾಗುವ ಹೊತ್ತಿಗೆ ತಾಯಿ ಮತ್ತು ಮಕ್ಕಳು ಮಿಯೆ ಪ್ರಾಂತ್ಯದ ಮಾತ್ಸುಸಾಕಾ ಊರಿಗೆ ಹೋಗಿ ನೆಲೆಸಿದರು, ತಂದೆ ಟೋಕಿಯೊದಲ್ಲೇ ಉಳಿದರು. ಪಾಠಕ್ಕಿಂತ ಅಮೆರಿಕದ ಮೂಕಿಚಿತ್ರಗಳಲ್ಲಿ ಹೆಚ್ಚು ಮನಸ್ಸಿಟ್ಟಿದ್ದ ಹುಡುಗ ಒಂದು ವರ್ಷ ಹಳ್ಳಿಯ ಶಾಲೆಯಲ್ಲಿ ಸಹಾಯಕ ಶಿಕ್ಷಕನಾಗಿದ್ದು, 1923ರಲ್ಲಿ ಟೋಕಿಯೊದ ಶೊಚಿಕು ಸಂಸ್ಥೆಯ ಸ್ಟುಡಿಯೊಗೆ ಛಾಯಾಗ್ರಾಹಕರ ಸಹಾಯಕನಾಗಿ ಸೇರಿಕೊಂಡರು. 1927ರಲ್ಲಿ ಮೊದಲ ಚಿತ್ರ ನಿರ್ದೇಶಿಸಿದರು. 1962ರವರೆಗೆ ಮಾಡಿದ ಚಿತ್ರಗಳು 50ಕ್ಕೂ ಹೆಚ್ಚು. ಅವುಗಳಲ್ಲಿ ಸುಮಾರು ಮೂರನೇ ಒಂದರಷ್ಟು ಇಂದು ಉಳಿದಿಲ್ಲ. ಚೀನಾ ಯುದ್ಧಕ್ಕೆ ಸೈನಿಕರಾಗಿ ಹೋಗಿಬಂದರು. ಎರಡನೆಯ ಮಹಾಯುದ್ಧದ ಕೊನೆಯ ವರ್ಷಗಳನ್ನು ಸಿಂಗಪುರದಲ್ಲಿ ಕಳೆದರು. ಅಲ್ಲಿ ವಶಪಡಿಸಿಕೊಂಡಿದ್ದ ಹಾಲಿವುಡ್ ಚಿತ್ರಗಳನ್ನು ಕೂತು ನೋಡಿದರು. ಮದುವೆಯಾಗಲಿಲ್ಲ, ತಾಯಿಯೊಂದಿಗೆ ಬದುಕಿದರು. 1963ರ ಡಿಸೆಂಬರ್ 12ರಂದು, ತಮ್ಮ 60ನೆಯ ಹುಟ್ಟುಹಬ್ಬದ ದಿನವೇ, ತೀರಿಕೊಂಡರು.

ಮದುವೆಯಾಗದ ಈ ಮನುಷ್ಯ ಬದುಕಿನುದ್ದಕ್ಕೂ ಮಾಡಿದ್ದು ಮದುವೆ, ಮನೆ, ಮಕ್ಕಳ ಕಥೆಗಳನ್ನು.

ಒಂದೇ ಕಥೆ, ಹಲವು ಸಲ

ಜಪಾನೀ ಚಿತ್ರರಂಗದಲ್ಲಿ ‘ಶೊಮಿನ್-ಗೆಕಿ’ ಎಂಬ ಒಂದು ಪ್ರಕಾರವಿದೆ. ಶೊಮಿನ್ ಎಂದರೆ ಸಾಮಾನ್ಯ ಜನ, ಗೆಕಿ ಎಂದರೆ ನಾಟಕ. ಗುಮಾಸ್ತರು, ಸಣ್ಣ ಅಂಗಡಿಯವರು, ಶಾಲಾ ಮಾಸ್ತರರು, ಅವರ ಹೆಂಡತಿ ಮಕ್ಕಳು ಇದರ ಪಾತ್ರಗಳು. ಶೊಚಿಕು ಸ್ಟುಡಿಯೊ ಇದಕ್ಕೆ ಹೆಸರಾಗಿತ್ತು. ಓಜು ಅವರ ಮೊದಲ ಚಿತ್ರವೊಂದೇ ಕತ್ತಿ ಹಿಡಿದ ಹಳೆಯ ಕಾಲದ್ದು. ಉಳಿದವೆಲ್ಲ ತಮ್ಮ ಕಾಲದ ಕಥೆಗಳು. ಆರಂಭದ ವರ್ಷಗಳಲ್ಲಿ ಕಾಲೇಜು ಹುಡುಗರ ಹಾಸ್ಯವನ್ನೂ ಅಪರಾಧದ ಕಥೆಗಳನ್ನೂ ಮಾಡಿದ್ದುಂಟು. ಯುದ್ಧದ ನಂತರ ಅವರ ವಸ್ತು ಕಿರಿದಾಗುತ್ತಾ ಬಂದು ಒಂದು ಮನೆಯೊಳಗೆ ನಿಂತಿತು: ಮದುವೆಯ ವಯಸ್ಸಿಗೆ ಬಂದ ಮಗಳು, ಹೆಂಡತಿ ತೀರಿಹೋದ ತಂದೆ ಅಥವಾ ವಿಧವೆ ತಾಯಿ, ಸಂಬಂಧ ಕುದುರಿಸಲು ಓಡಾಡುವ ಅತ್ತೆಯರು, ಸಂಜೆ ಕುಡಿಯಲು ಸೇರುವ ಹಳೆಯ ಗೆಳೆಯರು.

ಈ ಕಥೆಗಳ ಹಿಂದೆ ಒಂದು ಕಾನೂನಿನ ಬದಲಾವಣೆಯೂ ಇದೆ. ಯುದ್ಧಕ್ಕೆ ಮುಂಚಿನ ಜಪಾನಿನಲ್ಲಿ ‘ಇಎ’ ಎಂಬ ಕುಟುಂಬ ಪದ್ಧತಿಗೆ ಕಾನೂನಿನ ಬಲವಿತ್ತು. ಮದುವೆಯಂಥ ವಿಷಯಗಳಲ್ಲಿ ಮನೆಯ ಯಜಮಾನನ ಒಪ್ಪಿಗೆಗೆ ತೂಕವಿತ್ತು. 1947ರ ಮೇ 3ರಂದು ಜಾರಿಗೆ ಬಂದ ಹೊಸ ಸಂವಿಧಾನದ 24ನೆಯ ವಿಧಿ, ಗಂಡು ಹೆಣ್ಣಿನ ಪರಸ್ಪರ ಒಪ್ಪಿಗೆಯೇ ಮದುವೆಗೆ ಆಧಾರ ಎಂದಿತು. ಕಾನೂನು ಒಂದು ದಿನದಲ್ಲಿ ಬದಲಾಗುತ್ತದೆ, ಮನೆಯ ಅಭ್ಯಾಸಗಳು ಬದಲಾಗಲು ತಲೆಮಾರು ಬೇಕು. ಎರಡರ ನಡುವಿನ ಈ ಅಂತರದಲ್ಲೇ ಓಜು ಪಾತ್ರಗಳು ಬದುಕುತ್ತವೆ. 1949ರ ‘ಲೇಟ್ ಸ್ಪ್ರಿಂಗ್’ ಚಿತ್ರದಲ್ಲಿ ತಂದೆಯನ್ನು ಒಂಟಿಯಾಗಿ ಬಿಟ್ಟುಹೋಗಲು ಮಗಳಿಗೆ ಮನಸ್ಸಿಲ್ಲ. ಅವಳು ಹೊರಡಲೆಂದು ತಂದೆ ತಾನು ಮರುಮದುವೆಯಾಗುವುದಾಗಿ ಸುಳ್ಳು ಹೇಳುತ್ತಾನೆ. ಇಲ್ಲಿ ಖಳನಿಲ್ಲ. ಇಬ್ಬರೂ ಪರಸ್ಪರರ ಒಳಿತನ್ನೇ ಬಯಸಿ ಇಬ್ಬರೂ ಕಳೆದುಕೊಳ್ಳುತ್ತಾರೆ.

ಒಂದೇ ಬಗೆಯ ಕಥೆ ಮತ್ತೆ ಮತ್ತೆ ಏಕೆ ಎಂದು ಕೇಳಿದವರಿಗೆ ಓಜು, ತಾನು ತೋಫು ಮಾಡುವವನು, ತೋಫುವನ್ನಷ್ಟೇ ಮಾಡಬಲ್ಲೆ ಎಂಬರ್ಥದ ಉತ್ತರ ಕೊಡುತ್ತಿದ್ದರು. ತೋಫು ಎಂದರೆ ಸೋಯಾ ಹಾಲನ್ನು ಒಡೆಸಿ ಮಾಡುವ, ಪನೀರಿನಂತೆ ಕಾಣುವ, ಸಪ್ಪೆ ರುಚಿಯ ಆಹಾರ. (ಇಡ್ಲಿಗೆ ಹೆಸರಾದ ಹೋಟೆಲಿಗೆ ಹೋಗಿ ಬಿರಿಯಾನಿ ಇಲ್ಲವೇ ಎಂದು ನಾವೂ ಕೇಳುವುದಿಲ್ಲ.) ಸಹಲೇಖಕ ಕೊಗೊ ನೋಡಾ, ಛಾಯಾಗ್ರಾಹಕ ಯೂಹಾರು ಅತ್ಸುತಾ, ನಟ ಚಿಶೂ ರ್‍ಯೂ, ನಟಿ ಸೆತ್ಸುಕೊ ಹಾರಾ, ಹೀಗೆ ಜೊತೆಗಾರರೂ ಹೆಚ್ಚು ಬದಲಾಗಲಿಲ್ಲ. ಹಾರಾ ಅವರಂತೂ 1949, 1951 ಮತ್ತು 1953ರ ಮೂರು ಚಿತ್ರಗಳಲ್ಲಿ ನೊರಿಕೊ ಎಂಬ ಒಂದೇ ಹೆಸರಿನ ಮೂವರು ಬೇರೆ ಬೇರೆ ಹೆಣ್ಣುಮಕ್ಕಳಾಗಿ ನಟಿಸಿದರು.

ಕ್ಯಾಮೆರಾ ನೆಲದ ಹತ್ತಿರ ಏಕೆ

ಓಜು ಚಿತ್ರಗಳಲ್ಲಿ ಯಾರಿಗೂ ಮೊದಲು ಕಣ್ಣಿಗೆ ಬೀಳುವುದು ಕ್ಯಾಮೆರಾದ ಎತ್ತರ. ಸಾಮಾನ್ಯವಾಗಿ ಕ್ಯಾಮೆರಾ ನಿಂತ ಮನುಷ್ಯನ ಎದೆಯ ಅಥವಾ ಕಣ್ಣಿನ ಮಟ್ಟದಲ್ಲಿರುತ್ತದೆ. ಓಜು ಅದನ್ನು ನೆಲದಿಂದ ಎರಡು ಮೂರು ಅಡಿಗಿಂತ ಮೇಲೆ ಎತ್ತುವುದು ಅಪರೂಪ. ಜಪಾನೀ ಮನೆಗಳಲ್ಲಿ ನೆಲಕ್ಕೆ ‘ತತಾಮಿ’ ಎಂಬ ದಪ್ಪ ಹುಲ್ಲಿನ ಚಾಪೆ ಹಾಸಿ ಅದರ ಮೇಲೆ ಕೂರುವುದರಿಂದ, ಇದು ಚಾಪೆಯ ಮೇಲೆ ಕೂತವನ ನೋಟ ಎಂದು ವಿವರಿಸುವುದು ವಾಡಿಕೆ. ನೆಲದ ಮೇಲೆ ಕೂತು ಉಂಡು ಬೆಳೆದ ನಮ್ಮ ಓದುಗರಿಗೆ ಈ ವಿವರಣೆ ಬೇಗ ಹಿಡಿಸುತ್ತದೆ.

ಆದರೆ ಅದು ಅರ್ಧ ಉತ್ತರ. ಕ್ಯಾಮೆರಾ ಕೂತವರ ಕಣ್ಣಿಗಿಂತಲೂ ಕೆಳಗಿರುತ್ತದೆ. ಕಚೇರಿಯಲ್ಲಿ, ಬಾರಿನಲ್ಲಿ, ಆಸ್ಪತ್ರೆಯ ಓಣಿಯಲ್ಲಿ, ಎಲ್ಲರೂ ಕುರ್ಚಿಯಲ್ಲಿ ಕೂತಿರುವ ಕಡೆಯೂ ಅದು ಅಲ್ಲೇ ಇರುತ್ತದೆ. ಹಾಗಾದರೆ ಇದರಿಂದ ಆಗುವುದೇನು ಎಂದು ನೋಡುವುದು ಮೇಲು. ಕೆಳಗಿನಿಂದ ನೋಡಿದಾಗ ನೆಲ ಕಿರಿದಾಗಿ, ಕಂಬ, ಬಾಗಿಲ ಚೌಕಟ್ಟು, ಜಾರುಬಾಗಿಲಿನ ಪಟ್ಟಿಗಳು ನೆಟ್ಟಗೆ ನಿಂತು ಕಾಣುತ್ತವೆ. ಒಂದು ಕೋಣೆಯ ಹಿಂದೆ ಇನ್ನೊಂದು ಕೋಣೆ, ಅದರ ಹಿಂದೆ ಓಣಿ, ಅದರಾಚೆ ಅಂಗಳ, ಹೀಗೆ ಮನೆ ಪದರ ಪದರವಾಗಿ ತೆರೆದುಕೊಳ್ಳುತ್ತದೆ. ಮನೆ ಬರಿಯ ಹಿನ್ನೆಲೆಯಾಗಿ ಉಳಿಯದೆ ಅಲ್ಲಿರುವವರ ಜೊತೆಗೆ ತಾನೂ ಒಂದು ಪಾತ್ರವಾಗುತ್ತದೆ.

ಲೆನ್ಸು ಹೆಚ್ಚಾಗಿ ಒಂದೇ, 50 ಮಿಲಿಮೀಟರಿನದು. ಕ್ಯಾಮೆರಾ ಓಡಾಡುವುದು ವರ್ಷ ಕಳೆದಂತೆ ಕಡಿಮೆಯಾಗುತ್ತ ಬಂದು, 1958ರಿಂದ ಮಾಡಿದ ಆರು ಬಣ್ಣದ ಚಿತ್ರಗಳಲ್ಲಿ ಪೂರ್ತಿ ನಿಂತುಹೋಯಿತು. ಒಂದು ದೃಶ್ಯ ಮಸುಕಾಗಿ ಇನ್ನೊಂದು ಮೂಡುವಂಥ ತಂತ್ರಗಳನ್ನೂ ಅವರು ಬಿಟ್ಟರು. ಇಷ್ಟು ಬಿಗಿಯಾದ ಕಟ್ಟುಪಾಡು ಏಕೆ? ತಕ್ಕಡಿಯನ್ನು ನೆನೆಸಿಕೊಂಡರೆ ಉತ್ತರ ಸಿಗುತ್ತದೆ. ಭತ್ತ ತೂಗುವ ತಕ್ಕಡಿ ಸ್ವಲ್ಪ ಅಲ್ಲಾಡಿದರೂ ನಡೆಯುತ್ತದೆ. ಚಿನ್ನ ತೂಗುವಾಗ ಗಾಳಿಯೂ ತಾಗಬಾರದು. ಚೌಕಟ್ಟಿನಲ್ಲಿ ಎಲ್ಲವೂ ಅಲುಗಾಡದೆ ಇದ್ದರೆ ಮಾತ್ರ, ಚಹಾ ಲೋಟ ಹಿಡಿದ ಕೈ ಅರೆಕ್ಷಣ ತಡೆದದ್ದು, ಮುಗುಳ್ನಗೆ ಅಳಿಸಿಹೋದದ್ದು ನಮಗೆ ಘಟನೆಯಾಗಿ ಕಾಣುತ್ತದೆ.

ನಡುಗೆರೆ ದಾಟುವುದು

ಮಾತುಕತೆಯ ದೃಶ್ಯ ತೆಗೆಯಲು ಸಿನಿಮಾದಲ್ಲಿ ಒಂದು ನಿಯಮವಿದೆ; ಅದನ್ನು 180 ಡಿಗ್ರಿ ನಿಯಮ ಎನ್ನುತ್ತಾರೆ. ಕಬಡ್ಡಿ ಅಂಕಣವನ್ನು ಊಹಿಸಿಕೊಳ್ಳಿ. ನೀವು ಒಂದು ಬದಿಯ ಗ್ಯಾಲರಿಯಲ್ಲಿ ಕೂತಿದ್ದರೆ ಒಂದು ತಂಡ ಯಾವಾಗಲೂ ಎಡಕ್ಕೆ, ಇನ್ನೊಂದು ಬಲಕ್ಕೆ. ನೀವು ಎದ್ದು ಎದುರು ಬದಿಗೆ ಹೋದರೆ ಎಡ ಬಲ ಅದಲುಬದಲಾಗಿ ಒಂದು ಕ್ಷಣ ತಬ್ಬಿಬ್ಬಾಗುತ್ತದೆ. ಆದ್ದರಿಂದ ಮಾತನಾಡುವ ಇಬ್ಬರ ನಡುವೆ ಒಂದು ಗೆರೆಯನ್ನು ಕಲ್ಪಿಸಿಕೊಂಡು ಕ್ಯಾಮೆರಾ ಅದರ ಒಂದೇ ಬದಿಯಲ್ಲಿ ಉಳಿಯಬೇಕೆಂಬುದು ರೂಢಿ. ಓಜು ಈ ಗೆರೆಯನ್ನು ಹಿಂದೆಮುಂದೆ ನೋಡದೆ ದಾಟುತ್ತಾರೆ. ಒಬ್ಬರು ಮಾತನಾಡುವಾಗ ಕ್ಯಾಮೆರಾ ಅವರ ಎದುರಿಗೇ ಇರುತ್ತದೆ. ಉತ್ತರ ಕೊಡುವವರ ಸರದಿ ಬಂದಾಗ ಅವರ ಎದುರಿಗೆ. ಇಬ್ಬರೂ ಒಂದೇ ದಿಕ್ಕಿಗೆ ನೋಡುತ್ತಿರುವಂತೆ, ಹೆಚ್ಚುಕಡಿಮೆ ನಮ್ಮನ್ನೇ ನೋಡಿ ಮಾತನಾಡುತ್ತಿರುವಂತೆ ಭಾಸವಾಗುತ್ತದೆ. ಒಬ್ಬರ ಮಾತು ಪೂರ್ತಿ ಮುಗಿದ ಮೇಲೆಯೇ ಚಿತ್ರ ಬದಲಾಗುತ್ತದೆ.

ಮೊದಲ ಹತ್ತು ನಿಮಿಷ ಇದು ವಿಚಿತ್ರವೆನಿಸುವುದು ಸಹಜ. ಬಳಿಕ ತಿಳಿಯುವುದೇನೆಂದರೆ, ಮಾತನ್ನು ಮರೆಯಲ್ಲಿ ನಿಂತು ಕೇಳಿಸಿಕೊಳ್ಳುವ ಮೂರನೆಯವರ ಸ್ಥಾನ ನಮಗೆ ಇಲ್ಲಿ ಸಿಗುವುದಿಲ್ಲ. ಪ್ರತಿ ಸಲವೂ ಆ ಮಾತು ನಮಗೇ ಹೇಳಿದಂತೆ ಬಂದು ಮುಟ್ಟುತ್ತದೆ.

ವಸ್ತುಗಳ ವಿಷಯದಲ್ಲೂ ಇದೇ ಹಟ. ಸಾಕೆ ಎಂಬ ಅಕ್ಕಿ ಮದ್ಯದ ಸೀಸೆ, ಲೋಟ, ಕೆಟಲಿಗಳನ್ನು ಚೌಕಟ್ಟಿನೊಳಗೆ ತಾವೇ ಅಳೆದು ಇಡಿಸುತ್ತಿದ್ದ ಓಜು, ಒಂದು ಶಾಟ್‌ನಿಂದ ಇನ್ನೊಂದಕ್ಕೆ ಅವುಗಳ ಜಾಗವನ್ನು ಅಂದಕ್ಕೆ ತಕ್ಕಂತೆ ಸರಿಸುತ್ತಲೂ ಇದ್ದರು. ಮೊದಲ ಬಣ್ಣದ ಚಿತ್ರ ‘ಈಕ್ವಿನಾಕ್ಸ್ ಫ್ಲವರ್’ನಲ್ಲಿ ಮನೆಯ ಕೆಂಪು ಕೆಟಲಿಯೊಂದರ ಮೇಲೆ ಕಣ್ಣಿಟ್ಟರೆ ಇದು ಗೊತ್ತಾಗುತ್ತದೆ.

ಮನುಷ್ಯರಿಲ್ಲದ ಚಿತ್ರಗಳು

ಎರಡು ದೃಶ್ಯಗಳ ನಡುವೆ ಓಜು ಕಥೆಗೆ ನೇರ ಸಂಬಂಧವಿಲ್ಲದ ಕೆಲವು ಶಾಟ್‌ಗಳನ್ನು ಇಡುತ್ತಾರೆ. ಹಗ್ಗದ ಮೇಲೆ ಒಣಗುವ ಬಟ್ಟೆ, ಕಾರ್ಖಾನೆಯ ಚಿಮಣಿ, ಹಾದುಹೋಗುವ ರೈಲು, ಖಾಲಿ ಓಣಿ. ವಿಮರ್ಶಕ ನೋಯೆಲ್ ಬರ್ಚ್ ಇವನ್ನು ‘ಪಿಲೋ ಶಾಟ್’ ಎಂದು ಕರೆದರು. ಹಳೆಯ ಜಪಾನೀ ಕಾವ್ಯದಲ್ಲಿ ‘ಮಕುರಾ-ಕೊತೊಬಾ’, ಅಂದರೆ ದಿಂಬಿನ ಮಾತು, ಎಂಬ ಅಲಂಕಾರವಿದೆ. ಮುಂದಿನ ಪದಕ್ಕೆ ಒರಗಲು ಆಸರೆಯಂತೆ ಅದರ ಮುನ್ನ ಬರುವ ನಿಗದಿತ ವಿಶೇಷಣ ಅದು. ಹೆಸರು ಅಲ್ಲಿಂದ ಬಂತು. ಕಾದಂಬರಿಯ ಎರಡು ಅಧ್ಯಾಯಗಳ ನಡುವೆ ಬಿಟ್ಟ ಖಾಲಿ ಪುಟದಂತೆ ಇವು ಕೆಲಸ ಮಾಡುತ್ತವೆ ಎನ್ನಬಹುದು. ಓದಿದ್ದು ಒಳಗಿಳಿಯಲು ಅಷ್ಟು ಹೊತ್ತು ಬೇಕು.

ಇಂಥ ಶಾಟ್‌ಗಳಲ್ಲೆಲ್ಲ ಅತಿ ಹೆಚ್ಚು ಚರ್ಚೆಗೆ ಒಳಗಾದದ್ದು ‘ಲೇಟ್ ಸ್ಪ್ರಿಂಗ್’ನ ಹೂದಾನಿ. ಮದುವೆಗೆ ಮುಂಚೆ ತಂದೆ ಮಗಳು ಕೊನೆಯ ಸಲ ಒಟ್ಟಿಗೆ ಕ್ಯೋಟೊಗೆ ಹೋಗಿ ಒಂದು ವಸತಿಗೃಹದಲ್ಲಿ ತಂಗಿದ್ದಾರೆ. ರಾತ್ರಿ ಮಗಳು ಏನೋ ಹೇಳುತ್ತಾಳೆ, ತಂದೆ ಆಗಲೇ ನಿದ್ದೆ ಹೋಗಿದ್ದಾನೆ. ಅವಳು ಮುಗುಳ್ನಗುತ್ತಾಳೆ. ಕತ್ತಲಲ್ಲಿ ಒಂದು ಹೂದಾನಿ ಕಾಣುತ್ತದೆ. ಮತ್ತೆ ಅವಳ ಮುಖ, ಈಗ ಅಳುವಿನ ಅಂಚಿನಲ್ಲಿ. ಮತ್ತೆ ಹೂದಾನಿ. ಅದು ಶಾಂತಿಯ ಸಂಕೇತ ಎಂದರು ಕೆಲವರು, ಕಾಲದ ರೂಪ ಎಂದರು ಕೆಲವರು, ಬರಿಯ ಹೂದಾನಿ ಎಂದವರೂ ಇದ್ದಾರೆ. ನನಗೆ ಮುಖ್ಯವೆನಿಸುವುದು ಇಷ್ಟೇ: ನಗು ಅಳುವಾಗಿ ತಿರುಗಿದ ಆ ಕ್ಷಣದಲ್ಲಿ ಓಜು ಅವಳ ಮುಖದಿಂದ ಕಣ್ಣು ತೆಗೆದರು. ಮನೆಯಲ್ಲಿ ಯಾರಾದರೂ ಅಳು ನುಂಗುತ್ತಿರುವುದು ಗೊತ್ತಾದಾಗ ನಾವೂ ನೋಟವನ್ನು ಬೇರೆ ಕಡೆ ಹೊರಳಿಸುತ್ತೇವೆ.

ತೋರಿಸದೆ ಬಿಟ್ಟ ಮದುವೆ

ಇಡೀ ‘ಲೇಟ್ ಸ್ಪ್ರಿಂಗ್’ ಒಂದು ಮದುವೆಯ ಸುತ್ತ ಸುತ್ತುತ್ತದೆ, ಆದರೆ ಮದುವೆಯೇ ಚಿತ್ರದಲ್ಲಿಲ್ಲ. ವರ ನೋಡಲು ಹಾಲಿವುಡ್ ನಟ ಗ್ಯಾರಿ ಕೂಪರ್‌ನಂತಿದ್ದಾನೆ ಎಂಬ ಮಾತು ಬರುತ್ತದೆ, ಅವನ ಮುಖ ನಮಗೆ ಕಾಣುವುದಿಲ್ಲ. ಮಗಳು ಮದುವೆಯ ಉಡುಪಿನಲ್ಲಿ ತಂದೆಗೆ ನಮಸ್ಕರಿಸುವುದನ್ನು ನೋಡುತ್ತೇವೆ. ಅನಂತರ ಎಲ್ಲ ಮುಗಿದು ತಂದೆ ಖಾಲಿ ಮನೆಗೆ ಬಂದು ಸೇಬಿನ ಸಿಪ್ಪೆ ಸುಲಿಯುತ್ತಾನೆ. ಸಿಪ್ಪೆ ಉದ್ದಕ್ಕೆ ಇಳಿಯುತ್ತದೆ, ಕೈ ನಿಲ್ಲುತ್ತದೆ, ತಲೆ ಬಾಗುತ್ತದೆ.

ಘಟನೆಯನ್ನು ಬಿಟ್ಟು ಅದರ ಹಿಂದುಮುಂದನ್ನು ತೋರಿಸುವ ಈ ಕ್ರಮವನ್ನು ಲೋಪ ಎನ್ನಬಹುದು, ವ್ಯಾಕರಣದಲ್ಲಿ ಬಳಸುವ ಅದೇ ಅರ್ಥದಲ್ಲಿ: ಅಕ್ಷರ ಬಿದ್ದುಹೋದರೂ ಪದ ಉಳಿಯುತ್ತದೆ. ಮದುವೆಯನ್ನು ತೋರಿಸಿದ್ದರೆ ನಾವು ವರ ಹೇಗಿದ್ದಾನೆ, ಜೋಡಿ ಚೆನ್ನಾಗಿದೆಯೇ ಎಂದು ನೋಡುತ್ತಿದ್ದೆವು. ಅದನ್ನು ತೆಗೆದುಹಾಕಿದ್ದರಿಂದ ಉಳಿದದ್ದು ಮನೆ ಖಾಲಿಯಾದ ಸಂಗತಿ ಮಾತ್ರ.

‘ಟೋಕಿಯೊ ಸ್ಟೋರಿ’ಯನ್ನು ಹತ್ತಿರದಿಂದ

ಈಗ ಆರಂಭದ ಚಿತ್ರಕ್ಕೆ ಮರಳಬಹುದು. ಹಿರೋಶಿಮಾ ಪ್ರಾಂತ್ಯದ ಒನೊಮಿಚಿ ಎಂಬ ಕಡಲ ದಂಡೆಯ ಊರಿನಿಂದ ಶುಕಿಚಿ ಮತ್ತು ಟೋಮಿ ಎಂಬ ವೃದ್ಧ ದಂಪತಿ ಟೋಕಿಯೊದಲ್ಲಿರುವ ಮಕ್ಕಳನ್ನು ನೋಡಲು ಹೊರಡುತ್ತಾರೆ. ಶುಕಿಚಿಯಾಗಿ ನಟಿಸಿದ ರ್‍ಯೂ ಅವರಿಗೆ ಆಗ ಇನ್ನೂ 50 ತುಂಬಿರಲಿಲ್ಲ. ಮೊದಲ ದೃಶ್ಯದಲ್ಲಿ ಗಾಳಿ ತುಂಬುವ ದಿಂಬು ಸಿಗುತ್ತಿಲ್ಲ. ನಿನಗೇ ಕೊಟ್ಟಿದ್ದೆ ಎನ್ನುತ್ತಾನೆ ಗಂಡ, ನನ್ನ ಬಳಿ ಇಲ್ಲ ಎನ್ನುತ್ತಾಳೆ ಹೆಂಡತಿ, ಕೊನೆಗೆ ಅದು ಅವನ ಚೀಲದಲ್ಲೇ ಸಿಗುತ್ತದೆ. ಕಥೆಗೆ ಇದರಿಂದ ಏನೂ ಆಗಬೇಕಿಲ್ಲ. ಆದರೆ ಎಷ್ಟೋ ವರ್ಷ ಜೊತೆಗೆ ಬದುಕಿದವರ ದಾಂಪತ್ಯ ಎಂಥದೆಂದು ಒಂದು ನಿಮಿಷದಲ್ಲಿ ತಿಳಿದುಹೋಗುತ್ತದೆ.

ಟೋಕಿಯೊದಲ್ಲಿ ಹಿರಿಯ ಮಗ ಊರಂಚಿನ ಬಡಾವಣೆಯ ಸಾಮಾನ್ಯ ವೈದ್ಯ, ಮಗಳು ಶಿಗೆ ಕೇಶಾಲಂಕಾರದ ಅಂಗಡಿ ನಡೆಸುತ್ತಾಳೆ. ಇಬ್ಬರಿಗೂ ಬಿಡುವಿಲ್ಲ. ಅಪ್ಪ ಅಮ್ಮನನ್ನು ಅಟಾಮಿ ಎಂಬ ಬಿಸಿನೀರ ಬುಗ್ಗೆಯ ಊರಿಗೆ ಕಳಿಸಿಕೊಡುತ್ತಾರೆ. ಅಲ್ಲಿ ರಾತ್ರಿಯಿಡೀ ಪಕ್ಕದ ಕೋಣೆಗಳ ಆಟ, ಹಾಡಿನ ಗದ್ದಲದಲ್ಲಿ ಮುದುಕರಿಗೆ ನಿದ್ದೆಯಿಲ್ಲ. ಬೆಳಿಗ್ಗೆ ಕಡಲ ಗೋಡೆಯ ಮೇಲೆ ಕೂತಿದ್ದು ಏಳುವಾಗ ಟೋಮಿಗೆ ತಲೆ ಸುತ್ತುತ್ತದೆ. ಹಿನ್ನೆಲೆ ಸಂಗೀತ ಏರಿ ಎಚ್ಚರಿಸುವುದಿಲ್ಲ, ಕ್ಯಾಮೆರಾ ಹತ್ತಿರಕ್ಕೆ ನುಗ್ಗುವುದಿಲ್ಲ. ನಿದ್ದೆ ಇಲ್ಲದ್ದಕ್ಕೆ ಹೀಗಾಗಿದೆ ಎಂದು ಗಂಡ ಹೆಂಡತಿ ನಡೆದು ಹೋಗುತ್ತಾರೆ. ಅವರನ್ನು ನಿಜವಾಗಿ ಆದರಿಸುವವಳು ಯುದ್ಧದಲ್ಲಿ ತೀರಿಹೋದ ಮಗನ ಹೆಂಡತಿ ನೊರಿಕೊ. ಒಂದೇ ಕೋಣೆಯ ಮನೆಯಲ್ಲಿದ್ದು, ಪಕ್ಕದವರಿಂದ ಸಾಕೆ ಕಡ ತಂದು ಮಾವನಿಗೆ ಕೊಡುತ್ತಾಳೆ.

ಊರಿಗೆ ಮರಳಿದ ಮೇಲೆ ಟೋಮಿ ಮರಣಶಯ್ಯೆಯಲ್ಲಿದ್ದಾಳೆಂದು ತಂತಿ ಬರುತ್ತದೆ. ಹೊರಡುವಾಗ ಸಾವಿನ ಮನೆಯ ಉಡುಪನ್ನು ತೆಗೆದುಕೊಂಡು ಹೋಗಬೇಕೇ ಎಂದು ಶಿಗೆ ಅಣ್ಣನನ್ನು ಕೇಳುತ್ತಾಳೆ. ಈ ಪ್ರಶ್ನೆ ಕಠೋರ, ಆದರೆ ವ್ಯವಹಾರಜ್ಞಾನದ್ದು. ಆಕೆಯ ಊಹೆ ಸರಿಯೇ ಆಗುತ್ತದೆ. ಟೋಮಿ ಪ್ರಾಣ ಬಿಡುವುದನ್ನು ಓಜು ತೋರಿಸುವುದಿಲ್ಲ. ಅದಾದ ಬೆಳಿಗ್ಗೆ ಶುಕಿಚಿ ಮನೆಯಿಂದ ಹೊರಗೆ ಒಬ್ಬನೇ ನಿಂತಿದ್ದಾನೆ. ಕರೆಯಲು ಬಂದ ಸೊಸೆಗೆ ಅವನು ಹೇಳುವುದು, ಸೂರ್ಯೋದಯ ಎಷ್ಟು ಚೆನ್ನಾಗಿತ್ತು, ಇವತ್ತೂ ಸೆಕೆ ಇರುತ್ತದೆ ಎಂದು.

ಶ್ರಾದ್ಧದೂಟ ಮುಗಿಯುವ ಮೊದಲೇ ಶಿಗೆ ಅಮ್ಮನ ಉಡುಪುಗಳನ್ನು ನೆನಪಿಗೆಂದು ಕೇಳುತ್ತಾಳೆ. ಮನೆಯಲ್ಲೇ ಇರುವ ಕಿರಿಯ ಮಗಳು ಕ್ಯೊಕೊ, ಅಣ್ಣ ಅಕ್ಕಂದಿರ ಸ್ವಾರ್ಥಕ್ಕೆ ಸಿಟ್ಟಾಗಿ ನೊರಿಕೊ ಎದುರು ತೋಡಿಕೊಳ್ಳುತ್ತಾಳೆ. ಮಕ್ಕಳಿಗೆ ತಮ್ಮದೇ ಬದುಕು ಬೆಳೆಯುತ್ತದೆ, ಎಲ್ಲರೂ ಹಾಗೇ ಆಗುತ್ತಾರೆ ಎಂದು ನೊರಿಕೊ ಸಮಾಧಾನ ಹೇಳುತ್ತಾಳೆ. ಹಾಗಾದರೆ ಬದುಕು ಬೇಸರದ್ದಲ್ಲವೇ ಎಂದಾಗ ಮುಗುಳ್ನಗುತ್ತಲೇ ಹೌದೆನ್ನುತ್ತಾಳೆ. ಆ ನಗುವಿನ ಮುಖವನ್ನು ಓಜು ನೇರವಾಗಿ, ಅಲುಗಾಡದೆ ನೋಡುತ್ತಾರೆ.

ಚಿತ್ರದ ಮೊದಲಲ್ಲಿ ಕಿಟಕಿಯ ಬಳಿ ನಿಂತು ನೀವು ಅದೃಷ್ಟವಂತರು ಎಂದಿದ್ದ ನೆರೆಯಾಕೆ ಕೊನೆಯಲ್ಲಿ ಅದೇ ಕಿಟಕಿಗೆ ಬರುತ್ತಾಳೆ. ಕೋಣೆ ಅದೇ, ಕ್ಯಾಮೆರಾದ ಜಾಗವೂ ಬಹುಮಟ್ಟಿಗೆ ಅದೇ. ಚೌಕಟ್ಟಿನಲ್ಲಿ ಒಬ್ಬರು ಕಡಿಮೆಯಾಗಿದ್ದಾರೆ.

ಇದು ಎಷ್ಟು ಜಪಾನೀ

ಓಜು ಅವರನ್ನು ಅತ್ಯಂತ ಜಪಾನೀ ನಿರ್ದೇಶಕ ಎಂದು ಕರೆಯುವುದುಂಟು. ಅಕಿರಾ ಕುರೊಸಾವಾ ಅವರ ‘ರಶೋಮನ್’ 1951ರಲ್ಲಿ ವೆನಿಸ್‌ನಲ್ಲಿ ಪ್ರಶಸ್ತಿ ಗೆದ್ದು ಜಪಾನೀ ಸಿನಿಮಾಕ್ಕೆ ಬಾಗಿಲು ತೆರೆದ ಮೇಲೂ ಓಜು ಚಿತ್ರಗಳು ಹೊರದೇಶ ತಲುಪಿದ್ದು ತಡವಾಗಿ. ‘ಟೋಕಿಯೊ ಸ್ಟೋರಿ’ಗೆ ಲಂಡನ್ನಿನಲ್ಲಿ ಸದರ್ಲೆಂಡ್ ಟ್ರೋಫಿ ಸಿಕ್ಕಿದ್ದು 1958ರಲ್ಲಿ, ನ್ಯೂಯಾರ್ಕಿನಲ್ಲಿ ಅದು ಬಿಡುಗಡೆಯಾದದ್ದು 1972ರಲ್ಲಿ, ನಿರ್ದೇಶಕರು ತೀರಿಕೊಂಡು ಎಂಟು ವರ್ಷ ಕಳೆದ ಮೇಲೆ.

ಅವರ ಚಿತ್ರಗಳನ್ನು ವಿವರಿಸಲು ‘ಮೊನೊ ನೊ ಅವಾರೆ’ ಎಂಬ ಪರಿಕಲ್ಪನೆಯನ್ನು ಬಳಸುತ್ತಾರೆ: ಎಲ್ಲವೂ ಕಳೆದುಹೋಗುವಂಥದು ಎಂಬ ಅರಿವಿನಿಂದ ಹುಟ್ಟುವ, ದುಃಖವೂ ಮೆಚ್ಚುಗೆಯೂ ಬೆರೆತ ಭಾವ. ಇದನ್ನು ಸಾಹಿತ್ಯದ ತತ್ವವಾಗಿ ಬೆಳೆಸಿದ 18ನೆಯ ಶತಮಾನದ ವಿದ್ವಾಂಸ ಮೊತೋರಿ ನೊರಿನಾಗಾ, ಓಜು ಬಾಲ್ಯ ಕಳೆದ ಮಾತ್ಸುಸಾಕಾದವರೇ. ಕಾಮಾಕುರಾದ ಎಂಗಾಕು-ಜಿ ದೇವಾಲಯದಲ್ಲಿರುವ ಓಜು ಸಮಾಧಿಯ ಕಲ್ಲಿನ ಮೇಲೆ ಹೆಸರಿಲ್ಲ; ‘ಮು’, ಅಂದರೆ ಇಲ್ಲದಿರುವಿಕೆ, ಎಂಬ ಒಂದೇ ಅಕ್ಷರವಿದೆ.

ಇದೆಲ್ಲ ನಿಜವಾದರೂ ಓಜು ಅವರನ್ನು ಝೆನ್ ಸನ್ಯಾಸಿಯಾಗಿಸುವುದು ಅವಸರವಾದೀತು. ಅವರು ಹಾಲಿವುಡ್ ನಿರ್ದೇಶಕ ಅರ್ನ್ಸ್ಟ್ ಲುಬಿಚ್‌ರ ಹಾಸ್ಯಚಿತ್ರಗಳ ಅಭಿಮಾನಿ. ‘ಟೋಕಿಯೊ ಸ್ಟೋರಿ’ಯ ಕಥೆಗೆ ಪ್ರೇರಣೆಗಳಲ್ಲೊಂದು, ಸಹಲೇಖಕ ನೋಡಾ ನೋಡಿದ್ದ, 1937ರ ಅಮೆರಿಕನ್ ಚಿತ್ರ ‘ಮೇಕ್ ವೇ ಫಾರ್ ಟುಮಾರೊ’. ಓಜು, ನೋಡಾ ಇಬ್ಬರೂ ತಿಂಗಳುಗಟ್ಟಲೆ ಚಿಗಾಸಾಕಿ ಎಂಬ ಊರಿನ ವಸತಿಗೃಹದಲ್ಲಿ ಕೂತು, ಸಾಕೆ ಕುಡಿಯುತ್ತ, ಒಂದೊಂದೇ ಮಾತನ್ನು ಜೋಡಿಸಿ ಚಿತ್ರಕಥೆ ಬರೆಯುತ್ತಿದ್ದರು. ಚಿತ್ರಗಳಲ್ಲಿ ನಗುವಿಗೂ ಕೊರತೆಯಿಲ್ಲ.

ಎಲ್ಲಿಂದ ಆರಂಭಿಸುವುದು

ಈ ಕಾರಣಕ್ಕೇ, ಓಜು ಅವರನ್ನು ಮೊದಲ ಸಲ ನೋಡುವವರಿಗೆ 136 ನಿಮಿಷಗಳ ‘ಟೋಕಿಯೊ ಸ್ಟೋರಿ’ಗಿಂತ 1959ರ ಬಣ್ಣದ ಹಾಸ್ಯಚಿತ್ರ ‘ಗುಡ್ ಮಾರ್ನಿಂಗ್’ ಸುಲಭದ ಬಾಗಿಲು ಎಂಬುದು ನನ್ನ ಅಭಿಪ್ರಾಯ. 1932ರಲ್ಲಿ ಅವರೇ ಮಾಡಿದ ‘ಐ ವಾಸ್ ಬಾರ್ನ್, ಬಟ್’ ಎಂಬ ಮೂಕಿಚಿತ್ರದಲ್ಲಿ, ತಂದೆ ಮೇಲಧಿಕಾರಿಯ ಮುಂದೆ ಹಲ್ಲು ಗಿಂಜುವುದನ್ನು ಕಂಡ ಇಬ್ಬರು ಹುಡುಗರು ಊಟ ಬಿಟ್ಟು ಮುಷ್ಕರ ಹೂಡುತ್ತಾರೆ. 27 ವರ್ಷಗಳ ನಂತರದ ಈ ಚಿತ್ರದಲ್ಲೂ ಇಬ್ಬರು ಹುಡುಗರೇ. ಈ ಸಲ ಅವರಿಗೆ ಬೇಕಾದದ್ದು ಟಿವಿ. ಅತಿಯಾಗಿ ಮಾತನಾಡಬೇಡಿ ಎಂದು ಅಪ್ಪ ಗದರಿದಾಗ ದೊಡ್ಡವನು ತಿರುಗಿ ಕೇಳುತ್ತಾನೆ: ನೀವು ದೊಡ್ಡವರು ಆಡುವುದು ಏನು? ನಮಸ್ಕಾರ, ಶುಭ ಸಂಜೆ, ಹವೆ ಚೆನ್ನಾಗಿದೆ, ಎಲ್ಲಿಗೆ ಹೊರಟಿರಿ, ಬರೀ ಬೇಡದ ಮಾತು. ಅಲ್ಲಿಂದ ಇಬ್ಬರೂ ಬಾಯಿ ಮುಚ್ಚಿಕೊಳ್ಳುತ್ತಾರೆ, ಅದರಿಂದ ಇಡೀ ಬಡಾವಣೆಯಲ್ಲಿ ತಪ್ಪು ತಿಳಿವಳಿಕೆಗಳ ಸರಣಿಯೇ ಶುರುವಾಗುತ್ತದೆ.

ಆ ಹುಡುಗರಿಗೆ ಇಂಗ್ಲಿಷ್ ಹೇಳಿಕೊಡುವ ತರುಣನೊಬ್ಬನಿಗೆ ಅವರ ಚಿಕ್ಕಮ್ಮನ ಮೇಲೆ ಮನಸ್ಸಿದೆ; ಅವಳಿಗೂ ಇದೆ. ಚಿತ್ರದ ಕೊನೆಗೆ ಇಬ್ಬರೂ ರೈಲು ನಿಲ್ದಾಣದಲ್ಲಿ ಎದುರಾಗುತ್ತಾರೆ. ಹವೆ ಚೆನ್ನಾಗಿದೆ ಎನ್ನುತ್ತಾನೆ ಅವನು. ಹೌದು, ಚೆನ್ನಾಗಿದೆ ಎನ್ನುತ್ತಾಳೆ ಅವಳು. ಅಗೋ ಆ ಮೋಡದ ಆಕಾರ ಸೊಗಸಾಗಿದೆ ಎನ್ನುತ್ತಾನೆ. ಅವಳೂ ಅತ್ತ ನೋಡಿ, ನಿಜ, ಸೊಗಸಾಗಿದೆ ಎನ್ನುತ್ತಾಳೆ. ರೈಲು ಇನ್ನೂ ಬಂದಿರುವುದಿಲ್ಲ.